ಮೂರನೆಯ ಸಿಲಿಂಡರ್

ನಾನು ಶವವಾಹನ ಓಡಿಸುತ್ತೇನೆ. ‘ಬೇಗ ಹೋಗಪ್ಪ ಅಂತ ಒಬ್ಬ ಪ್ರಯಾಣಿಕನೂ ಹೇಳದ ಕೆಲಸ ನಿಮ್ಮದೊಂದೇ’ ಎಂದು ನನ್ನ ಹೆಂಡತಿ ಆಡಿಕೊಳ್ಳುವುದುಂಟು. ಹದಿನಾರು ವರ್ಷ ಈ ಸ್ಟಿಯರಿಂಗ್ ಹಿಡಿದ ಮೇಲೆ ಹೇಳುತ್ತೇನೆ, ಅವಳ ಮಾತು ಅರ್ಧ ಮಾತ್ರ ನಿಜ. ಹಿಂದೆ ಮಲಗಿದವರಿಗೆ ಅವಸರವಿಲ್ಲ, ಸರಿ. ಆದರೆ ಅವರನ್ನು ಕಳಿಸಿಕೊಡಲು ಬಂದವರಿಗೆ, ಸ್ಮಶಾನದ ಕಚೇರಿಯವರಿಗೆ, ನಮ್ಮ ನಂತರ ಕಾಯುತ್ತಿರುವ ಇನ್ನೊಂದು ಮನೆಯವರಿಗೆ, ಎಲ್ಲರಿಗೂ ಗಡಿಯಾರವಿದೆ.

ವಾಹನ ನನ್ನದಲ್ಲ, ಒಂದು ಸೇವಾ ಸಂಘದ್ದು. ಎರಡು ವಾಹನಗಳಿವೆ. ನಾನು ಓಡಿಸುವುದು ಪೆಟ್ರೋಲ್ ವ್ಯಾನು, ಹನ್ನೊಂದು ವರ್ಷ ಹಳೆಯದು. ಆ ವಾರ ಶನಿವಾರದಿಂದಲೇ ಅದರ ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ಚಿತ್ರದ ಹಳದಿ ದೀಪ ಹತ್ತಿಕೊಂಡಿತ್ತು. ಸಿಗ್ನಲ್ಲಿನಲ್ಲಿ ನಿಂತರೆ ಚಳಿ ಬಂದವನ ಹಾಗೆ ಒಮ್ಮೊಮ್ಮೆ ನಡುಗುತ್ತಿತ್ತು. ಕಾರ್ಯದರ್ಶಿಗೆ ಹೇಳಿದೆ. “ಈ ವಾರ ಒಂದು ಕಳೀಲಿ” ಎಂದರು. “ಹೂಂ” ಎಂದೆ. ಅವರು ಗಾಡಿ ಓಡಿಸುವವರಲ್ಲ, ನಾನು ಓಡಿಸುವವನು. ಆದ್ದರಿಂದ ಆ ‘ಹೂಂ’ ನನ್ನದೇ ತಪ್ಪು.

ಮಂಗಳವಾರ ಬೆಳಿಗ್ಗೆ ಒಂಬತ್ತಕ್ಕೆ ಹೋದ ಮನೆ ಒಬ್ಬ ಹಳೆಯ ಗ್ಯಾರೇಜು ಮೇಸ್ತ್ರಿಯದು. ಎಪ್ಪತ್ತೆರಡು ವರ್ಷ, ಸಕ್ಕರೆ ಕಾಯಿಲೆ, ಕೊನೆಗೆ ಹೃದಯ ನಿಂತಿತು. ಅಂಗಳದಲ್ಲಿ ಜನ ತುಂಬಿದ್ದರು. ಅವರಲ್ಲಿ ಮುಕ್ಕಾಲು ಪಾಲು ಜನರ ಉಗುರುಸಂದಿಯಲ್ಲಿ ಗ್ರೀಸಿನ ಕಪ್ಪು. ಬಿಳಿ ಅಂಗಿ ಹಾಕಿಕೊಂಡರೂ ಮೆಕ್ಯಾನಿಕ್‌ನ ಕೈ ಮುಚ್ಚಿಡಲು ಆಗುವುದಿಲ್ಲ.

ದೇಹವನ್ನು ವ್ಯಾನಿಗೆ ಏರಿಸುವಾಗ ಮುಂದೆ ಇಬ್ಬರು ಹೆಗಲು ಕೊಟ್ಟಿದ್ದರು. ಒಬ್ಬರು ಗಿಡ್ಡ, ಗಟ್ಟಿ ಆಳು. ಇನ್ನೊಬ್ಬರು ಎತ್ತರ, ಕಣ್ಣಿಗೆ ಸೋಡಾ ಬಾಟಲಿಯ ತಳದಂಥ ಕನ್ನಡಕ. ಒಬ್ಬರ ಭುಜ ಇನ್ನೊಬ್ಬರದಕ್ಕಿಂತ ಒಂದು ಗೇಣು ಕೆಳಗಿದ್ದುದರಿಂದ ಚಟ್ಟ ಒಂದು ಕಡೆ ವಾಲುತ್ತಿತ್ತು. ‘ಸ್ವಲ್ಪ ಎತ್ತು’ ಎಂದೋ ‘ಸ್ವಲ್ಪ ಬಗ್ಗು’ ಎಂದೋ ಹೇಳಿದ್ದರೆ ಸಾಕಿತ್ತು. ಇಬ್ಬರೂ ಹೇಳಲಿಲ್ಲ. ಒಬ್ಬರ ಮುಖ ಒಬ್ಬರು ನೋಡಲೂ ಇಲ್ಲ.

ನೆಂಟರಿಷ್ಟರು ಒಂದು ಬಸ್ಸಿನಲ್ಲಿ ಮುಂದೆ ಹೋದರು. ಮೇಸ್ತ್ರಿಯ ಹೆಂಡತಿ ಹಿಂದೆ ಗಂಡನ ಪಕ್ಕದ ಬೆಂಚಿನಲ್ಲಿ ಕೂತರು. ಶಾಲೆಯಲ್ಲಿ ಟೀಚರಾಗಿರುವ ಒಬ್ಬಳೇ ಮಗಳು ಮುಂದೆ ನನ್ನ ಪಕ್ಕ ಕೂತಳು. ಆ ಇಬ್ಬರು ತಮ್ಮ ತಮ್ಮ ಗಾಡಿಗಳಲ್ಲಿ ನಮ್ಮ ಹಿಂದೆ ಬರುತ್ತಿದ್ದರು. ಗಿಡ್ಡವರದು ಕಾರು, ಕನ್ನಡಕದವರದು ಸಾಮಾನು ಸಾಗಿಸುವ ಚಿಕ್ಕ ವ್ಯಾನು.

“ಅವರಿಬ್ರೂ ಅಣ್ಣತಮ್ಮಂದಿರಾ?” ಎಂದು ಕೇಳಿದೆ.

“ಹಾಗೇ ಇದ್ರು” ಎಂದಳು ಮಗಳು. “ಇಬ್ರೂ ಅಪ್ಪನ ಶಿಷ್ಯರು. ನಮ್ಮನೇಲೇ ಉಂಡು ಬೆಳೆದೋರು. ಕುಳ್ಳಣ್ಣ, ಸೋಡಣ್ಣ ಅಂತಾನೇ ನಾನು ಕರೀತಿದ್ದಿದ್ದು. ಈಗ ಒಂದೇ ಬೀದೀಲಿ ಎದುರುಬದುರು ಗ್ಯಾರೇಜು. ಆರು ವರ್ಷದಿಂದ ಮಾತಿಲ್ಲ.”

“ಯಾಕಮ್ಮಾ? ಆಸ್ತಿ ಪಾಸ್ತಿ ಜಗಳವಾ?”

“ಒಂದು ಸ್ಪಾರ್ಕ್ ಪ್ಲಗ್ಗಿಗೆ” ಎಂದಳು.

ಅವಳು ಮುಂದೆ ಏನಾದರೂ ಹೇಳುತ್ತಿದ್ದಳೋ ಏನೋ. ಅಷ್ಟರಲ್ಲಿ ಮೇಲ್ಸೇತುವೆಯ ಏರು ಬಂತು. ಆಕ್ಸಿಲರೇಟರ್ ಒತ್ತಿದರೆ ಗಾಡಿ ಮುಂದಕ್ಕೆ ಹೋಗುವ ಬದಲು ತಲೆ ಅಲ್ಲಾಡಿಸಿತು. ಹಳದಿ ದೀಪ ಮಿನುಗತೊಡಗಿತು. ಸ್ಟಿಯರಿಂಗ್, ಸೀಟು, ಕನ್ನಡಿ ಎಲ್ಲವೂ ಗಡಗಡ. ಹಿಂದಿನಿಂದ ಪೆಟ್ರೋಲಿನ ಹಸಿ ವಾಸನೆ.

ನನ್ನ ಬೆನ್ನ ಹಿಂದಿನ ಚಿಕ್ಕ ಕಿಟಕಿ ಸರಿಯಿತು. “ಡ್ರೈವರಪ್ಪಾ, ನಿನ್ನ ಗಾಡಿ ಮೂರು ಕಾಲಲ್ಲಿ ಓಡ್ತಿದೆ. ಪಕ್ಕಕ್ಕೆ ನಿಲ್ಲಿಸು” ಎಂದರು ಮೇಸ್ತ್ರಿಯ ಹೆಂಡತಿ.

ನಲವತ್ತೈದು ವರ್ಷ ಮೆಕ್ಯಾನಿಕ್‌ನ ಜೊತೆ ಬಾಳಿದವರು. ನಾನು ವಾದಿಸಲಿಲ್ಲ. ಸೇತುವೆ ಹತ್ತದೆ ಬದಿಯ ರಸ್ತೆಗೆ ತಿರುಗಿಸಿ, ಬಾಗಿಲು ಮುಚ್ಚಿದ ಒಂದು ಗೋದಾಮಿನ ಗೋಡೆಯ ನೆರಳಿನಲ್ಲಿ ನಿಲ್ಲಿಸಿದೆ. ಹತ್ತು ಗಂಟೆ ಹತ್ತು ನಿಮಿಷ. ನಮ್ಮ ಸರದಿ ಹನ್ನೊಂದೂವರೆಗೆ. ಇನ್ನೂ ಏಳು ಕಿಲೋಮೀಟರ್ ಇತ್ತು.

ಸಂಘದ ಇನ್ನೊಂದು ವಾಹನಕ್ಕೆ ಫೋನು ಮಾಡಿದೆ. ಅದು ಊರ ಆಚೆಗೆ ಹೋಗಿತ್ತು, ಎರಡು ಗಂಟೆಗೆ ಮೊದಲು ಬಾರದು. ಸ್ಮಶಾನದ ಕಚೇರಿಗೆ ಮಾಡಿದೆ. “ಹನ್ನೆರಡರ ತನಕ ತಡೀತೀನಿ, ಆಮೇಲೆ ಮುಂದಿನವರನ್ನ ಬಿಡಲೇಬೇಕು. ನಿಮ್ಮದು ಸಂಜೆಗೆ ಹೋಗುತ್ತೆ” ಎಂದರು.

ಹಿಂದೆ ಕಾರು ನಿಂತಿತು, ಅದರ ಹಿಂದೆ ವ್ಯಾನು. ಇಬ್ಬರೂ ಇಳಿದು ಎರಡು ದಿಕ್ಕಿನಿಂದ ಬಂದು ಬಾನೆಟ್ಟಿನ ಎರಡು ಬದಿಗೆ ನಿಂತರು. ಡಬ್ಬಿ ತೆರೆಯುವ ಮೊದಲೇ ಒಳಗಿನ ತಿಂಡಿ ಯಾವುದೆಂದು ಗೊತ್ತಿರುವವರ ಹಾಗೆ ಇಬ್ಬರೂ ಕಿವಿ ಕೊಟ್ಟರು.

“ಯಾವಾಗಿಂದ ಹೀಗೆ?” ಎಂದರು ಕುಳ್ಳಣ್ಣ.

“ಈಗಷ್ಟೇ ಶುರುವಾಯ್ತು” ಎಂದೆ. ಮೇಸ್ತ್ರಿಯ ಮಗಳು ಪಕ್ಕದಲ್ಲೇ ನಿಂತಿದ್ದಳು. ಬೇರೇನು ಹೇಳಲಿ?

ಕುಳ್ಳಣ್ಣ ನನ್ನ ಕಡೆಗೇ ನೋಡುತ್ತ, “ಡ್ರೈವರ್ರೇ, ಆ ಕಡೆ ನಿಂತಿರೋರಿಗೆ ಹೇಳಿ, ಕಾಯಿಲ್ ಕನೆಕ್ಟರ್ ಒಂದೊಂದೇ ಬಿಚ್ಚಿ ನೋಡಲಿ ಅಂತ” ಎಂದರು.

ಆ ಕಡೆ ನಿಂತಿದ್ದವರು ಎರಡಡಿ ದೂರದಲ್ಲಿದ್ದರು. “ಅದು ನಂಗೂ ಗೊತ್ತು ಅಂತ ಅವರಿಗೆ ಹೇಳಿ” ಎಂದರು ಸೋಡಣ್ಣ. “ಎಂಜಿನ್ ಆಫ್ ಮಾಡಿಯೇ ಬಿಚ್ಚೋದು ಅಂತಾನೂ ಹೇಳಿ. ಕೆಲವರು ಓಡೋ ಎಂಜಿನ್‌ಗೆ ಕೈ ಹಾಕಿ ಶೂರರಾಗ್ತಾರೆ.”

ಹೀಗೆ ಶುರುವಾಯಿತು. ಹದಿನಾರು ವರ್ಷದಲ್ಲಿ ಸತ್ತವರ ಮನೆಗಳ ತರಾವರಿ ಜಗಳ ನೋಡಿದ್ದೇನೆ. ಆದರೆ ನನ್ನನ್ನು ಟೆಲಿಫೋನು ತಂತಿಯ ಹಾಗೆ ನಡುವೆ ಕಟ್ಟಿಕೊಂಡು ಕೆಲಸ ಮಾಡಿದ ಜನ ಇವರಿಬ್ಬರೇ.

ನಾನು ಎಂಜಿನ್ ನಿಲ್ಲಿಸುವುದು, ಸೋಡಣ್ಣ ಒಂದು ಕಾಯಿಲಿನ ಕನೆಕ್ಟರ್ ಬಿಚ್ಚುವುದು, ನಾನು ಮತ್ತೆ ಹಚ್ಚುವುದು, ಇಬ್ಬರೂ ಕಿವಿಗೊಡುವುದು. ಒಂದನೆಯದು ಬಿಚ್ಚಿದಾಗ ನಡುಕ ಜಾಸ್ತಿಯಾಯಿತು. ಅಂದರೆ ಅದು ದುಡಿಯುತ್ತಿತ್ತು. ಎರಡನೆಯದೂ ಹಾಗೇ. ಮೂರನೆಯದು ಬಿಚ್ಚಿದಾಗ ಏನೂ ಬದಲಾಗಲಿಲ್ಲ. ದುಡಿಯದೆ ಸಂಬಳ ತೆಗೆದುಕೊಂಡು ಕೂತಿದ್ದ ಕಳ್ಳ ಅದೇ.

ಈ ಕಾಯಿಲ್ ಎನ್ನುವುದು ಬ್ಯಾಟರಿಯ ಹನ್ನೆರಡು ವೋಲ್ಟನ್ನು ಸಾವಿರಾರು ವೋಲ್ಟಿಗೆ ಏರಿಸಿ ಕೆಳಗಿನ ಪ್ಲಗ್ಗಿಗೆ ಕೊಡುತ್ತದೆ. ಪ್ಲಗ್ಗು ಕಿಡಿ ಹಾರಿಸುತ್ತದೆ, ಪೆಟ್ರೋಲು ಉರಿಯುತ್ತದೆ. ನಾಲ್ಕು ಸಿಲಿಂಡರಿಗೆ ನಾಲ್ಕು ಕಾಯಿಲ್, ನಾಲ್ಕು ಪ್ಲಗ್ಗು. ಕಿಡಿ ಬಾರದಿರುವುದಕ್ಕೆ ಕಾರಣ ಕಾಯಿಲೋ ಪ್ಲಗ್ಗೋ ಎಂದು ತಿಳಿಯಬೇಕಾದರೆ ಮೂರನೆಯದರ ಕಾಯಿಲನ್ನು ಒಂದನೆಯದಕ್ಕೆ, ಒಂದನೆಯದನ್ನು ಮೂರನೆಯದಕ್ಕೆ ಹಾಕಿ ನೋಡಬೇಕು. ಕುಳ್ಳಣ್ಣ ಹತ್ತು ನಂಬರಿನ ಬೋಲ್ಟ್ ಬಿಚ್ಚಿ, ಕಾಯಿಲನ್ನು ಎಳೆಯುವ ಮೊದಲು ಎಡಕ್ಕೊಮ್ಮೆ ಬಲಕ್ಕೊಮ್ಮೆ ಮೆಲ್ಲಗೆ ತಿರುವಿದರು. ಬಿಸಿಗೆ ಅಂಟಿಕೊಂಡಿದ್ದ ರಬ್ಬರು ಸಡಿಲವಾಯಿತು. ಆಮೇಲೆ ನೇರವಾಗಿ ಮೇಲೆತ್ತಿದರು. ನಾನಾಗಿದ್ದರೆ ಕಿತ್ತು ರಬ್ಬರನ್ನು ಒಳಗೇ ಬಿಡುತ್ತಿದ್ದೆ.

ಅದಲುಬದಲು ಮಾಡಿ ಹಚ್ಚಿದರೆ ಗಾಡಿ ಇನ್ನೂ ಕೆಟ್ಟದಾಗಿ ನಡುಗಿತು. ಈಗ ಒಂದೂ ಸತ್ತಿತ್ತು, ಮೂರೂ ಸತ್ತಿತ್ತು.

“ಎರಡೂ ಹೋಗಿದೆ” ಎಂದರು ಕುಳ್ಳಣ್ಣ.

“ಕಾಯಿಲೂ ಹೋಗಿದೆ, ಪ್ಲಗ್ಗೂ ಹೋಗಿದೆ” ಎಂದರು ಸೋಡಣ್ಣ ಅದೇ ಕ್ಷಣಕ್ಕೆ. ಆಮೇಲೆ ಇಬ್ಬರೂ ಬೇರೆ ಬೇರೆ ಕಡೆ ನೋಡಿದರು.

ಸೋಡಣ್ಣನ ವ್ಯಾನಿನಲ್ಲಿ ಯಾವುದೋ ಗಿರಾಕಿಗೆಂದು ತಂದಿದ್ದ ಹೊಸ ಪ್ಲಗ್ಗುಗಳ ಪೆಟ್ಟಿಗೆ ಇತ್ತು. ಕಾಯಿಲ್ ಇರಲಿಲ್ಲ. ಕುಳ್ಳಣ್ಣ ಏನೂ ಹೇಳದೆ ಹೋಗಿ ತಮ್ಮ ಕಾರಿನ ಬಾನೆಟ್ ಎತ್ತಿ, ಎರಡು ನಿಮಿಷದಲ್ಲಿ ಅದರಿಂದಲೇ ಒಂದು ಕಾಯಿಲ್ ಬಿಚ್ಚಿ ತಂದರು. ನಮ್ಮ ವ್ಯಾನೂ ಅವರ ಕಾರೂ ಒಂದೇ ಕಂಪನಿಯ ಒಂದೇ ಎಂಜಿನ್ನು.

“ಹಾಗಾದ್ರೆ ನಿಮ್ಮ ಕಾರು?” ಎಂದೆ.

“ಇಲ್ಲೇ ನಿಲ್ಲುತ್ತೆ. ಅದಕ್ಕೇನು, ಸ್ಮಶಾನಕ್ಕೆ ಬರಲೇಬೇಕು ಅಂತ ಹಟವಿಲ್ಲ.”

ಕಾಯಿಲ್ ಬಂತು, ಪ್ಲಗ್ಗು ಬಂತು. ಆದರೆ ಕೆಲಸ ನಡೆಯುವಂತಿರಲಿಲ್ಲ. ಎಂಜಿನ್ ಕೆಂಡ. ಅದರ ತಲೆಭಾಗ ಅಲ್ಯೂಮಿನಿಯಮ್ಮಿನದು, ಮೆತ್ತನೆಯ ಲೋಹ. ಬಿಸಿಯಲ್ಲಿ ಪ್ಲಗ್ ತಿರುಗಿಸಿದರೆ ಅದು ಕೂತಿರುವ ಥ್ರೆಡ್, ಅಂದರೆ ತಿರುಪಿನ ಎಳೆ, ಪ್ಲಗ್ಗಿನ ಜೊತೆಗೇ ಕಿತ್ತುಕೊಂಡು ಬರಬಹುದು. ಬಂದರೆ ಎಂಜಿನ್ನಿನ ತಲೆಯನ್ನೇ ಬಿಚ್ಚಬೇಕು. ಅರ್ಧ ಗಂಟೆಯಾದರೂ ಕಾಯಲೇಬೇಕು.

ಬಾನೆಟ್ ತೆರೆದಿಟ್ಟು ಕಾಯುತ್ತ ನಿಂತೆವು. ಮಗಳು ಬಸ್ಸಿನವರಿಗೆ ಫೋನಿನಲ್ಲಿ ಸಮಾಧಾನ ಹೇಳುತ್ತಿದ್ದಳು. ಸೋಡಣ್ಣ ಹೊಸ ಪ್ಲಗ್ಗಿನ ತುದಿಯ ಸಂದನ್ನು ತೆಳು ತಗಡಿನ ಅಳತೆಯಿಂದ ಪರೀಕ್ಷಿಸಿದರು. ಕುಳ್ಳಣ್ಣ ಪ್ಲಗ್ಗು ಕೂತಿರುವ ಗುಂಡಿಯೊಳಗೆ ಟಾರ್ಚು ಬಿಟ್ಟು ನೋಡುತ್ತಿದ್ದರು. ಆ ಗುಂಡಿಗೆ ಅವರು ‘ಬಾವಿ’ ಎನ್ನುತ್ತಿದ್ದರು.

ಸೋಡಣ್ಣ ನನ್ನತ್ತ ತಿರುಗಿ, “ಡ್ರೈವರ್ರೇ, ಅವರಿಗೆ ಹೇಳಿ, ಬೇಕಾದ್ರೆ ನಾನೇ ಹಾಕ್ತೀನಿ. ಇನ್ನೊಂದು ಥ್ರೆಡ್ ಹಾಳಾಗೋದು ಬೇಡ. ಅದೂ ಇವತ್ತು” ಎಂದರು.

ಕುಳ್ಳಣ್ಣನ ಕೈಯಲ್ಲಿದ್ದ ಟಾರ್ಚು ನಿಂತಿತು. ಅವರು ಮೊದಲ ಸಲ ನೇರವಾಗಿ ಸೋಡಣ್ಣನ ಮುಖ ನೋಡಿದರು. “ಹಾಳು ಮಾಡಿದವನು ಯಾರು ಅಂತ ಒಳಗೆ ಮಲಗಿರೋರಿಗೆ ಗೊತ್ತು. ಅವರ ಮುಂದೆ ನಿಂತು ನಿನ್ನ ಹಾಗೆ ಸುಳ್ಳು ಹೇಳಿದವನಲ್ಲ ನಾನು.”

“ಸುಳ್ಳು ಹೇಳಿದ್ದು ನಾನಾ?”

ವ್ಯಾನಿನ ಹಿಂಬಾಗಿಲು ತೆರೆದ ಸದ್ದಾಯಿತು. ಮೇಸ್ತ್ರಿಯ ಹೆಂಡತಿ ನಿಧಾನವಾಗಿ ಇಳಿದು, ಗಾಡಿಯ ಬದಿ ಹಿಡಿದುಕೊಂಡು ಮುಂದೆ ಬಂದರು. ಬೆಳಗ್ಗೆಯಿಂದ ಅವರು ಅತ್ತದ್ದನ್ನು ನಾನು ನೋಡಿರಲಿಲ್ಲ. ಈಗಲೂ ಕಣ್ಣು ಒಣಗಿಯೇ ಇತ್ತು.

“ಇಬ್ರೂ ಹೇಳಿದ್ದು ನಿಜ ಕಣ್ರೋ” ಎಂದರು. “ಅವತ್ತು ಡಾಕ್ಟರ ಕಾರಿನ ಮೂರನೇ ಪ್ಲಗ್ಗು ಹಾಕಿದ್ದು ಒಳಗೆ ಮಲಗಿರೋ ಇವರು.”

ರಸ್ತೆಯಲ್ಲಿ ಒಂದು ಲಾರಿ ಹೋಯಿತು.

“ನೀವಿಬ್ರೂ ಊಟಕ್ಕೆ ಹೋಗಿದ್ರಿ. ಎರಡು ಹಾಕಿ ಬಿಟ್ಟು ಹೋಗಿದ್ರಿ. ಡಾಕ್ಟರು ಬೇಗ ಬೇಕು ಅಂತ ಫೋನ್ ಮಾಡಿದ್ರಂತೆ, ಉಳಿದಿದ್ದು ಇವರೇ ಹಾಕಿದ್ರು. ಬೆರಳ ತುದೀಲಿ ಸ್ಪರ್ಶ ಹೋಗಿ ಆಗಲೇ ಒಂದು ವರ್ಷವಾಗಿತ್ತು, ಸಕ್ಕರೆ ಕಾಯಿಲೆ. ನಂಗೆ ಬಿಟ್ಟು ಯಾರಿಗೂ ಹೇಳಿರಲಿಲ್ಲ. ಪ್ಲಗ್ಗು ವಾರೆ ಕೂತಿದ್ದು ಕೈಗೆ ಗೊತ್ತಾಗಲಿಲ್ಲ. ಬಿಗಿಯಾಗ್ತಿದೆ ಅಂತ ಸ್ಪ್ಯಾನರ್ ಹಾಕಿ ಎಳೆದ್ರು, ಥ್ರೆಡ್ ಹಾಳಾಯ್ತು.”

“ಆಮೇಲೆ ನಮ್ಮಿಬ್ರನ್ನ ಸಾಲಾಗಿ ನಿಲ್ಲಿಸಿ ಕೇಳಿದ್ರು” ಎಂದರು ಸೋಡಣ್ಣ. “ಡಾಕ್ಟರ ಎದುರಿಗೇ. ಯಾರು ಹಾಕಿದ್ದು ಅಂತ.”

“ಕೇಳಿದ್ರು. ಮನೆಗೆ ಬಂದು ತಟ್ಟೆ ಮುಂದೆ ಸುಮ್ನೆ ಕೂತ್ರು. ನಾಳೆ ಹೇಳ್ತೀನಿ ಅಂದ್ರು. ಮಾರನೇ ದಿನ ನೀವು ಮಾತು ಬಿಟ್ಟಿರಿ. ಇನ್ನೊಂದು ವಾರಕ್ಕೆ ಸರಿ ಹೋಗ್ತಾರೆ ಬಿಡು ಅಂದ್ರು. ನೀವು ಅಂಗಡಿ ಬಿಟ್ಟಿರಿ. ಆಮೇಲೆ ಹೇಳೋಕೆ ಬಾಯಿ ಬರಲಿಲ್ಲ. ನಾನು ಹೇಳ್ತೀನಿ ಅಂದ್ರೆ ಕೈ ಮುಗಿದ್ರು. ಅದಾದ ಮೇಲೆ ಒಂದು ಪ್ಲಗ್ಗನ್ನೂ ಮುಟ್ಟಲಿಲ್ಲ ಅವರು. ಅಂಗಡಿ ಮುಚ್ಚಿದ್ದು ವಯಸ್ಸಾಯ್ತು ಅಂತ ಅಲ್ಲ.”

ಮಗಳು ಫೋನು ಕೆಳಗಿಳಿಸಿದ್ದಳು. “ಅಮ್ಮಾ, ಇದನ್ನ ಇವತ್ತೇ ಹೇಳಬೇಕಿತ್ತಾ? ಅಪ್ಪ ಇನ್ನೂ ಒಳಗೆ ಮಲಗಿದಾರೆ.”

“ಅದಕ್ಕೇ ಇವತ್ತು. ನಾಳೆ ನಾಳೆ ಅಂತ ಆರು ವರ್ಷ ಹೋಯ್ತು. ಇವರಿಬ್ರೂ ನನ್ನ ಮುಂದೆ ನಿಂತು ಒಬ್ಬರನ್ನೊಬ್ಬರು ಸುಳ್ಳ ಅಂತಿದ್ರೆ ನಾನು ಆ ಬೆಂಚಿನ ಮೇಲೆ ಹೇಗೆ ಕೂತಿರಲಿ?”

ಸೋಡಣ್ಣ ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸಿದರು. ಒರೆಸುತ್ತಲೇ ಇದ್ದರು. ಕನ್ನಡಕವಿಲ್ಲದ ಅವರ ಮುಖ ಗುರುತು ಸಿಗದಷ್ಟು ಬೇರೆಯಾಗಿತ್ತು.

ಕುಳ್ಳಣ್ಣನಿಗೆ ಸಿಟ್ಟು ನೆತ್ತಿಗೇರಿತು. “ಆರು ವರ್ಷ, ಅಮ್ಮಾ! ನನ್ನ ಮಗಳ ಮದುವೆಗೆ ಇವನನ್ನ ಕರೀಲಿಲ್ಲ ನಾನು. ಇವನ ತಾಯಿ ತೀರಿಕೊಂಡಾಗ ಬಾಗಿಲಿಗೆ ಹೋಗಿ ವಾಪಸ್ ಬಂದೆ. ಪ್ಲಗ್ ಹಾಕೋಕೆ ಬರದವನು ಅಂತ ನನ್ನ ಬಗ್ಗೆ ಆ ಡಾಕ್ಟರು ಹತ್ತು ಜನಕ್ಕೆ ಹೇಳಿಕೊಂಡು ಬಂದ್ರು. ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರುತ್ತಾ? ಒಂದು ಮಾತು. ಒಂದೇ ಒಂದು ಮಾತು ಹೇಳಿದ್ರೆ ಮೇಸ್ತ್ರಿ ಗಂಟೇನು ಹೋಗ್ತಿತ್ತು?”

“ಏನೂ ಹೋಗ್ತಿರಲಿಲ್ಲ” ಎಂದರು ಮೇಸ್ತ್ರಿಯ ಹೆಂಡತಿ. “ನಾನೂ ಬಾಯಿ ಮುಚ್ಚಿಕೊಂಡಿದ್ದೆ. ಬೈಯೋದಿದ್ರೆ ನನ್ನನ್ನೂ ಸೇರಿಸಿ ಬಯ್ಯಿ.”

ಕುಳ್ಳಣ್ಣ ಬೈಯಲಿಲ್ಲ. ಟಾರ್ಚನ್ನು ಬ್ಯಾಟರಿಯ ಮೇಲಿಟ್ಟು, ಗೋದಾಮಿನ ಗೋಡೆಯುದ್ದಕ್ಕೂ ನಡೆದು ಹೋಗಿ, ಮೂವತ್ತು ಹೆಜ್ಜೆ ಆಚೆ ಕಾಲುದಾರಿಯ ಕಲ್ಲಿನ ಮೇಲೆ ನಮಗೆ ಬೆನ್ನು ಹಾಕಿ ಕೂತರು.

ಹತ್ತು ಐವತ್ತಾಯಿತು. ಸೋಡಣ್ಣ ಎಂಜಿನ್ನಿನ ತಲೆಯ ಮೇಲೆ ಅಂಗೈ ಇಟ್ಟು ನೋಡಿದರು. ಐದು ನಿಮಿಷ ಬಿಟ್ಟು ಮತ್ತೆ ಇಟ್ಟರು. ಈಗ ಕೈ ತೆಗೆಯಲಿಲ್ಲ. ಬಾವಿಯೊಳಗೆ ಬಗ್ಗಿ ನೋಡಿದರು, ಕನ್ನಡಕ ಮೇಲೇರಿಸಿದರು, ಇಳಿಸಿದರು. ಕಣ್ಣು ಒದ್ದೆಯಿದ್ದುದಕ್ಕೋ ಪವರ್ ಸಾಲದೆಯೋ, ನನಗೆ ತಿಳಿಯದು. ನೆಟ್ಟಗಾಗಿ ನಿಂತು, ನನ್ನ ಮೂಲಕವಲ್ಲದೆ ನೇರವಾಗಿ ಗೋಡೆಯ ಕಡೆಗೆ ಕೂಗಿದರು.

“ಲೇ ಕುಳ್ಳ! ಬಾರೋ. ನಂಗೆ ಬಾವಿ ಒಳಗೆ ಕಾಣಿಸ್ತಿಲ್ಲ.”

ಕುಳ್ಳಣ್ಣ ಕೂತಲ್ಲಿಂದಲೇ ಒಂದು ಸಣ್ಣ ಕಲ್ಲು ಎತ್ತಿ ರಸ್ತೆಗೆ ಎಸೆದರು.

“ಬೈಯೋದಿದ್ರೆ ಆಮೇಲೆ ಇಬ್ರೂ ಸೇರಿ ಬೈಯೋಣ. ಹನ್ನೆರಡಕ್ಕೆ ಅವರ ಸರದಿ ತಪ್ಪುತ್ತೆ.”

ಕುಳ್ಳಣ್ಣ ಎದ್ದು ಬಂದರು. ಮುಖ ಸಿಡುಕಿನದೇ. ಸೋಡಣ್ಣನ ಕಡೆ ಕೈ ಚಾಚಿ, “ಗಾಳಿ ಪಂಪು ಇದೆಯಾ?” ಎಂದರು. ಆರು ವರ್ಷದ ನಂತರ ಆಡಿದ ಮೊದಲ ಹಿತವಾದ ಮಾತು ಅದು.

ಸೈಕಲ್ ಪಂಪಿನಿಂದ ಬಾವಿಯೊಳಗಿನ ಧೂಳನ್ನೆಲ್ಲ ಊದಿ ತೆಗೆದರು. ಇಲ್ಲದಿದ್ದರೆ ಪ್ಲಗ್ ತೆಗೆದ ಕೂಡಲೇ ಮರಳು ಸಿಲಿಂಡರಿನೊಳಗೆ ಬೀಳುತ್ತದೆ. ಉದ್ದನೆಯ ಸಾಕೆಟ್ ಇಳಿಸಿ ಕುಳ್ಳಣ್ಣ ತಿರುಗಿಸಿದರು. ಕಿರ್ರೆಂದಿತು. ಕೈ ನಿಂತಿತು. ಸ್ವಲ್ಪ ಹಿಂದಕ್ಕೆ, ಸ್ವಲ್ಪ ಮುಂದಕ್ಕೆ, ಮತ್ತೆ ಹಿಂದಕ್ಕೆ. ಎಂಟು ಹತ್ತು ಸಲ ಹಾಗೆ ಪುಸಲಾಯಿಸಿದ ಮೇಲೆ ಅದು ಸಡಿಲಗೊಂಡಿತು. ಹೊರಬಂದ ಪ್ಲಗ್ಗಿನ ಬಿಳಿಯ ಪಿಂಗಾಣಿಯ ಮೇಲೆ ಕೂದಲೆಳೆಯಂಥ ಬಿರುಕು, ಅದರುದ್ದಕ್ಕೂ ಸುಟ್ಟ ಕಪ್ಪು ಗೆರೆ. ತುದಿ ಸವೆದು, ಹಸಿ ಪೆಟ್ರೋಲಿನಿಂದ ಒದ್ದೆಯಾಗಿತ್ತು. ಕಿಡಿ ತುದಿಗೆ ಹೋಗುವ ಬದಲು ಬಿರುಕಿನಿಂದಲೇ ಸೋರಿಹೋಗುತ್ತಿತ್ತು. ಅದೇ ಸೋರಿಕೆ ಮೇಲಿನ ಕಾಯಿಲನ್ನೂ ಸುಟ್ಟಿತ್ತು.

ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದ ಕುಳ್ಳಣ್ಣ ನನ್ನ ಕಡೆ ಕಣ್ಣೆತ್ತಿದರು. ಗಾಡಿ ನಿಂತಾಗ ‘ಈಗಷ್ಟೇ ಶುರುವಾಯ್ತು’ ಎಂದು ನಾನಾಡಿದ ಸುಳ್ಳು ನೆನಪಾಯಿತು. ಆ ಹೆಂಗಸು ಅಷ್ಟು ಜನರ ಮುಂದೆ ಅಷ್ಟು ದೊಡ್ಡದನ್ನು ಹೇಳಿದ ಮೇಲೆ ನನ್ನದೇನು ಮಹಾ?

“ಈಗ ಶುರುವಾಗಿದ್ದಲ್ಲ” ಎಂದೆ. “ಶನಿವಾರದಿಂದ ದೀಪ ಹತ್ತಿತ್ತು. ನಾನು ಹಾಗೇ ಓಡಿಸ್ತಿದ್ದೆ. ತಪ್ಪಾಯ್ತು ಅಮ್ಮಾ.”

“ಗೊತ್ತು ಬಿಡಿ” ಎಂದರು ಕುಳ್ಳಣ್ಣ. “ಈಗಷ್ಟೇ ಸತ್ತ ಪ್ಲಗ್ಗಿನ ಮುಖ ಹೀಗಿರಲ್ಲ.”

ಮೇಸ್ತ್ರಿಯ ಹೆಂಡತಿ ನನ್ನನ್ನು ನೋಡಿ ಸುಮ್ಮನೆ ತಲೆಯಾಡಿಸಿದರು. ಬೈದಿದ್ದರೆ ವಾಸಿಯಿತ್ತು.

ಹೊಸ ಪ್ಲಗ್ಗನ್ನು ಕುಳ್ಳಣ್ಣ ಸಾಕೆಟ್ಟಿನಿಂದ ಹಾಕಲಿಲ್ಲ. ಒಂದು ಗೇಣುದ್ದದ ರಬ್ಬರ್ ಕೊಳವೆಯ ತುದಿಗೆ ಪ್ಲಗ್ಗಿನ ತಲೆ ಸಿಕ್ಕಿಸಿ, ಬಾವಿಗೆ ಇಳಿಬಿಟ್ಟು, ಎರಡು ಬೆರಳಲ್ಲಿ ಕೊಳವೆಯನ್ನು ತಿರುಗಿಸಿದರು. ಪ್ಲಗ್ಗು ವಾರೆ ಕೂತರೆ ಕೊಳವೆ ಜಾರುತ್ತದೆಯೇ ಹೊರತು ಥ್ರೆಡ್ ಕೆಡಿಸುವಷ್ಟು ಬಲ ಅದಕ್ಕಿಲ್ಲ. ಮೊದಲ ಸಲ ಜಾರಿತು. ಹೊರತೆಗೆದರು. ಎರಡನೆಯ ಸಲವೂ ಜಾರಿತು.

“ಮೊದಲು ಎಡಕ್ಕೆ ತಿರುಗಿಸು” ಎಂದರು ಸೋಡಣ್ಣ ಪಕ್ಕದಿಂದ. “ಟಕ್ ಅಂತ ಬೀಳುತ್ತಲ್ಲ, ಅಲ್ಲಿಂದ ಬಲಕ್ಕೆ.”

“ಗೊತ್ತು ಕಣೋ.”

“ಗೊತ್ತಿದ್ರೆ ಮಾಡು ಮತ್ತೆ.”

ಎಡಕ್ಕೆ ತಿರುಗಿಸಿದರು. ಸಣ್ಣಗೆ ಏನೋ ಬಿದ್ದಂತೆ ನನಗೂ ಕೇಳಿಸಿತು. ಬಲಕ್ಕೆ ತಿರುಗಿಸಿದರು. ಕೊಳವೆ ಜಾರದೆ ಸುತ್ತುತ್ತಾ ಹೋಯಿತು. ಪೂರ್ತಿ ಕೂತ ಮೇಲೆ ಸಾಕೆಟ್ ಹಾಕಿ ಅರ್ಧ ಸುತ್ತು ಬಿಗಿದರು, ಅಷ್ಟೇ. ಕಾಯಿಲಿನ ರಬ್ಬರಿನೊಳಗೆ ಸೋಡಣ್ಣ ಚಿಟಿಕೆಯಷ್ಟು ಬಿಳಿ ಗ್ರೀಸು ಸವರಿ ಕೊಟ್ಟರು. ಕುಳ್ಳಣ್ಣ ಅದನ್ನು ನೇರವಾಗಿ ಒತ್ತಿ ಕೂರಿಸಿ, ಬೋಲ್ಟ್ ಬಿಗಿದು, ಕನೆಕ್ಟರ್ ಸಿಕ್ಕಿಸಿದರು. ಒಂದನೆಯದಕ್ಕೆ ಅದರ ಸ್ವಂತ ಕಾಯಿಲ್ ವಾಪಸ್ ಹೋಯಿತು. ಉಳಿದ ಮೂರು ಪ್ಲಗ್ಗು ಇನ್ನೊಂದು ದಿನ ಬದಲಾಯಿಸಲು ಹೇಳಿದರು.

ಕೀ ತಿರುಗಿಸಿದೆ. ಎಂಜಿನ್ ಒಂದೇ ಸಲಕ್ಕೆ ಹತ್ತಿ, ಅಲ್ಲಾಡದೆ ನಿಂತಿತು. ಹನ್ನೊಂದು ಇಪ್ಪತ್ತೈದು.

ಕುಳ್ಳಣ್ಣನ ಕಾರು ಗೋಡೆಯ ಪಕ್ಕವೇ ಉಳಿಯಿತು. ಸೋಡಣ್ಣ ತಮ್ಮ ವ್ಯಾನಿನ ಬಾಗಿಲು ತೆರೆದು ನಿಂತರು. ಕುಳ್ಳಣ್ಣ ಅದನ್ನು ನೋಡಿದರೂ ನೋಡದವರ ಹಾಗೆ ಶವವಾಹನದ ಹಿಂದೆ ಹತ್ತಿ, ಮೇಸ್ತ್ರಿಯ ಹೆಂಡತಿಯ ಎದುರಿನ ಬೆಂಚಿನಲ್ಲಿ ಕೂತರು. ಚಿಕ್ಕ ಕಿಟಕಿ ತೆರೆದೇ ಇತ್ತು. ಸೇತುವೆಯ ಏರು ಹತ್ತುವಾಗ ಅವರ ದನಿ ಕೇಳಿಸಿತು. ಮಾತಾಡುತ್ತಿದ್ದುದು ಮೇಸ್ತ್ರಿಯ ಹೆಂಡತಿಯ ಹತ್ತಿರವಲ್ಲ.

“ಬೆರಳಿಗೆ ಗೊತ್ತಾಗಲ್ಲ ಅಂತ ಹೇಳೋಕೆ ಏನು ಕಷ್ಟವಾಗಿತ್ತು ನಿಮಗೆ? ಪ್ಲಗ್ಗು ನಾನು ಹಾಕ್ತಿದ್ದೆ. ಸಾಯೋವರೆಗೂ ನಾನೇ ಹಾಕ್ತಿದ್ದೆ. ನೀವು ಪಕ್ಕದಲ್ಲಿ ಕುರ್ಚಿ ಹಾಕ್ಕೊಂಡು ಕೂತು ಬೈತಿದ್ರೆ ಸಾಕಾಗಿತ್ತಲ್ಲ, ಮೇಸ್ತ್ರಿ.” “ಥೂ” ಎಂದರು. ಆಮೇಲೆ ಅಳು. ಗಂಡಸರು ಅಭ್ಯಾಸವಿಲ್ಲದೆ ಅಳುವಾಗ ಕೆಮ್ಮಿನ ಹಾಗೆ ಕೇಳಿಸುತ್ತದೆ. ನನ್ನ ಪಕ್ಕದಲ್ಲಿದ್ದ ಮಗಳು ಕೈ ಚಾಚಿ ಕಿಟಕಿ ಸರಿಸಿ ಮುಚ್ಚಿದಳು. ಅಷ್ಟರಲ್ಲಿ ಮೇಸ್ತ್ರಿಯ ಹೆಂಡತಿಯೂ ಅಳತೊಡಗಿದ್ದರು.

ಹನ್ನೊಂದು ಐವತ್ತಕ್ಕೆ ತಲುಪಿದೆವು. ದೇಹ ಇಳಿಸುವಾಗ ಮೂವರು ಮುಂದೆ ಬಂದರು. ಕುಳ್ಳಣ್ಣ ಕದಲಲಿಲ್ಲ. ಗ್ರೀಸು ಮೆತ್ತಿದ ತಮ್ಮ ಕೈಗಳನ್ನೇ ನೋಡುತ್ತ ನಿಂತಿದ್ದರು. ಯಾರೂ ಅವರನ್ನು ಕರೆಯಲಿಲ್ಲ. ಬಸ್ಸಿನಿಂದ ಬಂದ ಒಬ್ಬ ನೆಂಟರು ಆ ಜಾಗಕ್ಕೆ ಹೋಗಲು ಹೊರಟಾಗ ಸೋಡಣ್ಣ ಅವರನ್ನು ತಡೆದು, “ಇರಿ, ಅವನು ಬರ್ತಾನೆ” ಎಂದರು. ಕುಳ್ಳಣ್ಣ ನಲ್ಲಿಯ ಹತ್ತಿರ ಹೋಗಿ, ಅಲ್ಲಿದ್ದ ಸೋಪಿನ ತುಂಡಿನಿಂದ ಮೊಣಕೈವರೆಗೂ ತಿಕ್ಕಿ ತಿಕ್ಕಿ ತೊಳೆದು, ಅಂಗಿಗೆ ಒರೆಸಿಕೊಂಡು ಬಂದರು. ಹೆಗಲು ಕೊಟ್ಟರು. ಈ ಸಲ ಸೋಡಣ್ಣ ಮೊಣಕಾಲು ಬಗ್ಗಿಸಿ ನಡೆದರು. ಚಟ್ಟ ವಾಲಲಿಲ್ಲ.

ಇದಾಗಿ ಒಂದು ವರ್ಷವಾಗುತ್ತ ಬಂತು. ಅವರಿಬ್ಬರೂ ಗ್ಯಾರೇಜು ಒಂದು ಮಾಡಲಿಲ್ಲ. ಮಾಡುತ್ತಾರೆಂದು ನಾನೂ ಎಣಿಸಿರಲಿಲ್ಲ. ಈಗ ಬೀದಿಯ ಆ ಬದಿಯಿಂದ ಈ ಬದಿಗೆ ಕೂಗಿ ಜಗಳವಾಡುತ್ತಾರೆ, ನೇರವಾಗಿ. ಒಬ್ಬರ ಬಳಿ ಇಲ್ಲದ ಸಾಮಾನು ಇನ್ನೊಬ್ಬರಿಂದ ರಸ್ತೆ ದಾಟಿ ಬರುತ್ತದೆ. ಸಂಘದ ವ್ಯಾನಿನ ಉಳಿದ ಮೂರು ಪ್ಲಗ್ಗನ್ನು ಯಾರ ಅಂಗಡಿಯಲ್ಲಿ ಬದಲಾಯಿಸಬೇಕೆಂದು ಅವರು ಕಿತ್ತಾಡುವುದನ್ನು ನೋಡಲಾರದೆ, ರಸ್ತೆಯ ನಡುವಿನ ಮರದ ಕೆಳಗೆ ನಿಲ್ಲಿಸಿ “ಇಬ್ರೂ ಬನ್ನಿ” ಎಂದೆ.

ಕುಳ್ಳಣ್ಣ ಆ ಡಾಕ್ಟರನ್ನೂ ಹುಡುಕಿಕೊಂಡು ಹೋದರು. ಸಾಕ್ಷಿಗೆ ಸೋಡಣ್ಣನನ್ನು ಎಳೆದುಕೊಂಡು ಹೋಗಿದ್ದರು. ಚೀಟಿ ತೆಗೆದುಕೊಂಡು ಒಂದೂವರೆ ಗಂಟೆ ರೋಗಿಗಳ ಸಾಲಿನಲ್ಲಿ ಕೂತು, ಒಳಗೆ ಹೋಗಿ, ಆ ದಿನ ಥ್ರೆಡ್ ಕೆಡಿಸಿದ್ದು ನಾನಲ್ಲ ಎಂದರಂತೆ. ಡಾಕ್ಟರಿಗೆ ಯಾವ ಕಾರು, ಯಾವ ಥ್ರೆಡ್ ಒಂದೂ ನೆನಪಿರಲಿಲ್ಲ. ಆ ಕಾರು ಮಾರಿ ನಾಲ್ಕು ವರ್ಷವಾಗಿತ್ತು. “ಮುಖ ಇಷ್ಟು ಕೆಂಪಾಗಿದೆಯಲ್ರೀ” ಎಂದು ಕೈಗೆ ಪಟ್ಟಿ ಸುತ್ತಿ ನೋಡಿದರೆ ರಕ್ತದೊತ್ತಡ ನೂರ ಎಪ್ಪತ್ತು. “ಮಾನ ವಾಪಸ್ ತರೋಕೆ ಹೋದವನು ಮಾತ್ರೆ ಚೀಟಿ ತಗೊಂಡು ಬಂದ” ಎಂದು ಸೋಡಣ್ಣ ಬೀದಿಗೆಲ್ಲ ಹೇಳಿಕೊಂಡು ನಗುತ್ತಿದ್ದರು. ಕುಳ್ಳಣ್ಣ ಮೊದಮೊದಲು ಸಿಟ್ಟಾದರು, ಆಮೇಲೆ ತಾವೇ ಹೇಳಿ ನಗಲು ಕಲಿತರು.

ಮೇಸ್ತ್ರಿಯ ಮನೆಗೆ ಮಾತ್ರ ಕುಳ್ಳಣ್ಣ ಬಹಳ ದಿನ ಹೋಗಲಿಲ್ಲ. ಸೋಡಣ್ಣ ವಾರಕ್ಕೊಮ್ಮೆ ಹೋಗಿಬರುತ್ತಿದ್ದರು. ಕುಳ್ಳಣ್ಣನಿಗೆ ಆಗುತ್ತಿರಲಿಲ್ಲ. ಕ್ಷಮಿಸಿದ್ದೀಯಾ ಎಂದು ಯಾರೂ ಕೇಳಲಿಲ್ಲ. ಮೊನ್ನೆ ಮಾರುಕಟ್ಟೆಯಲ್ಲಿ ಟೀಚರಮ್ಮ ಸಿಕ್ಕಿದ್ದಳು. ಮೂರು ತಿಂಗಳ ಹಿಂದೆ ಮನೆಯ ನೀರಿನ ಪಂಪು ಕೆಟ್ಟಾಗ ಅವಳ ತಾಯಿ ಸೋಡಣ್ಣನನ್ನು ಬಿಟ್ಟು ಬೇಕೆಂದೇ ಕುಳ್ಳಣ್ಣನಿಗೆ ಫೋನು ಮಾಡಿದರಂತೆ. ಅವರು ಬಂದರು, ಪಂಪು ಬಿಚ್ಚಿ ಸರಿಮಾಡಿದರು, ಕೊಟ್ಟ ಚಹಾವನ್ನು ಬಾಗಿಲ ಹತ್ತಿರ ನಿಂತೇ ಕುಡಿದು ಹೋದರು.

“ಆಮೇಲೆ?” ಎಂದೆ.

“ಹೋದ ವಾರ ಮತ್ತೆ ಬಂದಿದ್ರು. ಪಂಪು ಹೇಗಿದೆ ನೋಡೋಣ ಅಂತ ಬಂದೆ ಅಂದ್ರು. ಅದು ಚೆನ್ನಾಗೇ ಇತ್ತು. ಈ ಸಲ ಕೂತು ಕುಡಿದ್ರು.”